ಕಾಡುಪ್ರಾಣಿ ಎಣಿಕೆ: ನಮ್ಮ ಭಾನುವಾರದ ಗುಂಪು ಪದೇ ಪದೇ ಕೇಳುವ ಪ್ರಶ್ನೆಗಳು

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ನಾವೊಂದಷ್ಟು ಮುಂಬಯಿ ಕನ್ನಡಿಗರು ತಿಂಗಳಿಗೊಂದು ಭಾನುವಾರ ಹೋಗುತ್ತೇವೆ. ಹೋಟೆಲಿನವರು, ಬ್ಯಾಂಕಿನವರು, ರಿಟೈರ್ ಆದ ಮೇಷ್ಟ್ರು, ಅವರ ಮೊಮ್ಮಕ್ಕಳು. ನಾನು ಹೊಸಪೇಟೆ ಕಡೆಯವನು. ಪ್ರಾಣಿ ಎಣಿಸುವ ಕೆಲಸಕ್ಕೆ ಸ್ವಯಂಸೇವಕನಾಗಿ ಅಲ್ಲಿ ಇಲ್ಲಿ ಹೋಗಿ ಬಂದಿದ್ದೇನೆ, ಸಂಶೋಧಕ ಅಲ್ಲ. ಆದರೂ ಪ್ರಶ್ನೆಗಳೆಲ್ಲ ನನ್ನ ತಲೆಗೇ ಬರುತ್ತವೆ. ಪ್ರತಿ ಸಲ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಇಲ್ಲಿ ಬರೆದು ಹಾಕಿದ್ದೇನೆ.

ಇಷ್ಟು ದೊಡ್ಡ ಕಾಡಲ್ಲಿ ಜಿಂಕೆಗಳನ್ನು ಒಂದೊಂದಾಗಿ ಎಣಿಸುತ್ತಾರಾ?

ಇಲ್ಲ. ಆಗದ ಕೆಲಸ ಅದು. ಪತ್ರಿಕೆಯವರು ‘ಗಣತಿ’ ಅಂತ ಬರೆಯುತ್ತಾರೆ, ಓದುವವರು ತಲೆ ಎಣಿಸಿದ್ದಾರೆ ಅಂದುಕೊಳ್ಳುತ್ತಾರೆ. ಮಾಡುವುದು ಅಂದಾಜು. ಆದರೆ ಕಣ್ಣಳತೆಯ ಅಂದಾಜಲ್ಲ, ಅದಕ್ಕೊಂದು ಲೆಕ್ಕ ಇದೆ.

ಕಾಡಿನಲ್ಲಿ ಒಂದು ನೇರ ಗೆರೆ ಗುರುತು ಮಾಡಿಕೊಳ್ಳುತ್ತಾರೆ, ಸಾಮಾನ್ಯವಾಗಿ ಎರಡು ಕಿಲೋಮೀಟರ್ ಆಸುಪಾಸು. ಇದಕ್ಕೆ ಲೈನ್ ಟ್ರಾನ್ಸೆಕ್ಟ್ ಅಂತಾರೆ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಸದ್ದಿಲ್ಲದೆ ಆ ಗೆರೆ ಮೇಲೆ ನಡೆಯಬೇಕು. ಜಿಂಕೆ ಕಂಡರೆ ಮೂರು ವಿಷಯ ಬರೆದುಕೊಳ್ಳಬೇಕು. ಗುಂಪಿನಲ್ಲಿ ಎಷ್ಟಿವೆ, ನಮ್ಮಿಂದ ಎಷ್ಟು ದೂರ, ನಾವು ನಡೆಯುವ ಗೆರೆಗೆ ಎಷ್ಟು ಕೋನದಲ್ಲಿ. ದೂರಕ್ಕೆ ರೇಂಜ್‌ಫೈಂಡರ್, ಕೋನಕ್ಕೆ ದಿಕ್ಸೂಚಿ. ಉದಾಹರಣೆಗೆ ಗುಂಪು 60 ಮೀಟರ್ ದೂರದಲ್ಲಿ, 30 ಡಿಗ್ರಿ ಕೋನದಲ್ಲಿದೆ ಅಂದುಕೊಳ್ಳಿ. ಆಗ ಅದು ಗೆರೆಯಿಂದ ಅಡ್ಡಕ್ಕೆ 30 ಮೀಟರ್ ಆಚೆ ಇದೆ. ಹತ್ತನೇ ಕ್ಲಾಸಿನ ಸೈನ್ ಥೀಟಾ ನನಗೆ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಜಾಗದಲ್ಲಿ.

ಸರಿ, ಕಂಡದ್ದನ್ನು ಬರೆದುಕೊಂಡಿರಿ. ಕಾಣದೇ ಇದ್ದವು?

ಎಲ್ಲ ಗುಟ್ಟು ಇರುವುದು ಇಲ್ಲೇ.

ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ಸಂಜೆ ಆರು ಗಂಟೆಗೆ ನಡೆಯುತ್ತಿದ್ದೀರಿ. ಪಕ್ಕದಲ್ಲೇ ಹೋಗುವವರು ಕನ್ನಡ ಮಾತಾಡಿದರೆ ತಕ್ಷಣ ಕಿವಿಗೆ ಬೀಳುತ್ತದೆ. ಹತ್ತು ಅಡಿ ಆಚೆಯವರು ಮಾತಾಡಿದರೆ ಒಮ್ಮೊಮ್ಮೆ ಬೀಳುತ್ತದೆ. ಮೂವತ್ತು ಅಡಿ ಆಚೆ ಹೋದರೆ ಇಲ್ಲವೇ ಇಲ್ಲ. ಹಾಗಂತ ಅಲ್ಲಿ ಕನ್ನಡಿಗರೇ ಇಲ್ಲ ಅನ್ನುತ್ತೀರಾ? ಪಕ್ಕದಲ್ಲಿ ಎಷ್ಟು ಜನ ಸಿಕ್ಕರು, ದೂರ ಹೋದಂತೆ ಎಷ್ಟು ಕಡಿಮೆಯಾಗುತ್ತಾ ಬಂತು ಅಂತ ಗೊತ್ತಾದರೆ, ನಿಮ್ಮ ಕಿವಿಗೆ ತಪ್ಪಿಹೋದವರು ಎಷ್ಟಿರಬಹುದು ಅಂತ ಲೆಕ್ಕ ಹಾಕಬಹುದು. ಜಿಂಕೆಗೂ ಇದೇ ಲೆಕ್ಕ. ಗೆರೆಯ ಮೇಲೇ ಇದ್ದದ್ದು ತಪ್ಪದೆ ಕಾಣುತ್ತದೆ, ದೂರ ಹೋದಂತೆ ತಪ್ಪಿಹೋಗುವುದು ಜಾಸ್ತಿ. ಎಷ್ಟು ತಪ್ಪಿಹೋಗುತ್ತವೆ ಅನ್ನುವುದನ್ನು ಆ ದೂರದ ಅಂಕಿಗಳೇ ಹೇಳುತ್ತವೆ.

ಇದಕ್ಕೆ ಕೆಲವು ಷರತ್ತುಗಳಿವೆ. ಗೆರೆ ಮೇಲಿನ ಪ್ರಾಣಿ ಕಣ್ಣು ತಪ್ಪಬಾರದು. ನಮ್ಮನ್ನು ನೋಡಿ ಓಡುವ ಮೊದಲು ಅದು ಇದ್ದ ಜಾಗಕ್ಕೇ ದೂರ ಅಳೆಯಬೇಕು. ಒಂದೇ ಗುಂಪನ್ನು ಎರಡು ಸಲ ಬರೆಯಬಾರದು. ಈ ಕೊನೆಯದರಲ್ಲಿ ನಾನೇ ಒಮ್ಮೆ ಸಿಕ್ಕಿಬಿದ್ದೆ. ಒಂದು ಗುಂಪು ಎಡಕ್ಕೆ ಓಡಿತು. ಇನ್ನೂರು ಹೆಜ್ಜೆ ಹೋದ ಮೇಲೆ ಬಲಗಡೆ ಇನ್ನೊಂದು ಗುಂಪು ಕಂಡಿತು. ಖುಷಿಯಿಂದ ಬರೆದೆ. ಜೊತೆಗಿದ್ದ ವಾರ್ಲಿ ಬುಡಕಟ್ಟಿನ ಗಾರ್ಡ್ ಸುಮ್ನೆ ನಕ್ಕರು. ‘ಅದೇ ಕಿವಿ ಹರಿದ ಹೆಣ್ಣು ಸಾಹೇಬ, ಹಿಂದಿನಿಂದ ದಾಟಿ ಬಂತು’ ಅಂದರು. ಹಾಳೆ ಮೇಲೆ ಗೀಟು ಎಳೆದೆ.

ಕರ್ನಾಟಕದಲ್ಲಿ ಈ ವಿಧಾನಕ್ಕೆ ಹೆಸರು ಬಂದದ್ದು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಾಗರಹೊಳೆಯಲ್ಲಿ ಮಾಡಿದ ಕೆಲಸದಿಂದ. ಹೌದು, ಶಿವರಾಮ ಕಾರಂತರ ಮಗ. ಹುಲಿ ಉಳಿಯಬೇಕಾದರೆ ಮೊದಲು ಅದರ ಊಟದ ಲೆಕ್ಕ ಬೇಕು ಅನ್ನುವುದು ಅವರ ವಾದ. ಒಂದು ಹುಲಿ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ತಿನ್ನುತ್ತದೆ. ಅಷ್ಟು ತಿಂದೂ ಹಿಂಡು ಕರಗಬಾರದು ಅಂದರೆ ಸುಮಾರು 500 ಜಿಂಕೆ, ಕಡವೆಗಳು ಬೇಕು.

ಬುದ್ಧ ಪೂರ್ಣಿಮೆ ರಾತ್ರಿ ಮಚಾನ್ (ಅಟ್ಟಣಿಗೆ) ಮೇಲೆ ಕೂತು ಎಣಿಸುತ್ತಾರಲ್ಲ, ಅದು ಸರಿ ಲೆಕ್ಕವಾ?

ಮಹಾರಾಷ್ಟ್ರದ ಕಾಡುಗಳಲ್ಲಿ ಇದು ಹಳೇ ಪದ್ಧತಿ. ವೈಶಾಖದ ಬಿಸಿಲಿಗೆ ನೀರು ಅಲ್ಲಲ್ಲಿ ಮಾತ್ರ ಉಳಿದಿರುತ್ತದೆ, ಹುಣ್ಣಿಮೆ ಬೆಳಕು ಬೇರೆ. ನೀರಿನ ಹೊಂಡದ ಹತ್ತಿರ ಮಚಾನ್ ಕಟ್ಟಿ ರಾತ್ರಿಯಿಡೀ ಬಂದದ್ದನ್ನು ಬರೆಯುವುದು.

ಅನುಭವಕ್ಕೆ ಇದನ್ನು ಮೀರಿದ್ದಿಲ್ಲ. ಲೆಕ್ಕಕ್ಕೆ ಮಾತ್ರ ಸಾಲದು. ಅದೇ ಕಡವೆ ಎರಡು ಹೊಂಡಕ್ಕೆ ಹೋದರೆ ಎರಡಾಗುತ್ತದೆ. ಆ ರಾತ್ರಿ ನೀರಿಗೇ ಬಾರದ್ದು ಸೊನ್ನೆಯಾಗುತ್ತದೆ. ಹಿಂದಿನ ದಿನ ಮಳೆ ಬಿದ್ದರಂತೂ ಕಾಡೇ ಖಾಲಿ ಅಂತ ಬರೆಯಬೇಕಾದೀತು! ಅದಕ್ಕೇ ಈಗ ಅದನ್ನು ಜನರಿಗೆ ಕಾಡು ತೋರಿಸುವ ಕಾರ್ಯಕ್ರಮ ಅಂತಲೇ ಜಾಸ್ತಿ ನಡೆಸುತ್ತಾರೆ. ಸಿಕ್ಕರೆ ಹೋಗಿ. ಚಾದರ ಮರೆಯಬೇಡಿ, ಸೊಳ್ಳೆ ಬತ್ತಿಯ ಆಸೆ ಬಿಡಿ.

ಜಿಂಕೆ, ಕಡವೆ, ಕಾಡುಕುರಿ ಎಲ್ಲ ಒಂದೇ ಅಲ್ವಾ?

ಅಲ್ಲ. ಬೊರಿವಲಿ ಕಾಡಿನಲ್ಲೇ ಇವು ಮೂರೂ ಇವೆ. ಚುಕ್ಕೆ ಇರುವುದು ಜಿಂಕೆ, ಮರಾಠಿಯಲ್ಲಿ ಚಿತಳ್. ದೊಡ್ಡದು, ಕಂದು ಬಣ್ಣದ್ದು, ಒರಟು ಕೂದಲಿನದು ಕಡವೆ, ಮರಾಠಿಯಲ್ಲಿ ಸಾಂಬರ್. ನಮ್ಮ ಹೋಟೆಲ್ ಶೆಟ್ಟರು ಪ್ರತಿ ಸಲ ಇಲ್ಲಿ ಒಂದು ಇಡ್ಲಿ ಜೋಕ್ ಹೇಳುತ್ತಾರೆ, ನಾವು ಪ್ರತಿ ಸಲ ನಗುತ್ತೇವೆ. ಕಾಡುಕುರಿ ಚಿಕ್ಕದು, ಒಂಟಿಯಾಗಿ ತಿರುಗುತ್ತದೆ, ಹೆದರಿದರೆ ಥೇಟ್ ನಾಯಿ ಹಾಗೆ ಬೊಗಳುತ್ತದೆ. ಮರಾಠಿಯಲ್ಲಿ ಭೇಕರ್.

ಇನ್ನೊಂದಿದೆ, ಮೌಸ್ ಡೀರ್. ನಮ್ಮ ಮಲೆನಾಡಿನವರ ಬರ್ಕ, ಮರಾಠಿಯ ಪಿಸೋರಿ. ಎತ್ತರ ಒಂದಡಿ, ತೂಕ ಮೂರು ಕೆಜಿ ಆಸುಪಾಸು. ರಾತ್ರಿ ಓಡಾಡುವ ಪ್ರಾಣಿ. ಹೆಸರಿನಲ್ಲಿ ಡೀರ್ ಇದ್ದರೂ ಅದು ಜಿಂಕೆ ಕುಟುಂಬದ್ದಲ್ಲ, ಕೊಂಬೂ ಇಲ್ಲ. ಹಗಲು ಗೆರೆ ಮೇಲೆ ನಡೆದು ಇದನ್ನು ಎಣಿಸಲು ಹೊರಟರೆ ಕಾಡಿನಲ್ಲಿ ಒಂದೂ ಇಲ್ಲ ಅಂತ ವರದಿ ಬರೆಯಬೇಕಾಗುತ್ತದೆ. ಯಾವ ಪ್ರಾಣಿಗೆ ಯಾವ ವಿಧಾನ ಅನ್ನುವುದು ಅದಕ್ಕೇ ಮುಖ್ಯ.

ಕೊಂಬಿನ ವಿಷಯ: ಜಿಂಕೆ, ಕಡವೆಯ ಗಂಡುಗಳಿಗೆ ಕವಲು ಕೊಂಬು ಬಿದ್ದು ಮತ್ತೆ ಹುಟ್ಟುತ್ತದೆ. ದಾರಿಯಲ್ಲಿ ಬಿದ್ದ ಕೊಂಬು ಸಿಕ್ಕರೆ ಶೋಕೇಸಿಗೆ ತರಬೇಡಿ. ಕಾನೂನು ಬಿಡುವುದಿಲ್ಲ. ಮತ್ತೆ ಅದು ಕಸವೂ ಅಲ್ಲ, ಸುಣ್ಣದ ಅಂಶಕ್ಕಾಗಿ ಜಿಂಕೆಗಳೇ ಅದನ್ನು ಕಡಿಯುತ್ತವೆ.

ಹಿಕ್ಕೆ ಹೆಕ್ಕುವುದು ಯಾಕೆ?

ಮೇಷ್ಟ್ರ ಮೊಮ್ಮಗಳು ಮೂಗು ಮುಚ್ಚಿಕೊಂಡು ಕೇಳಿದ ಪ್ರಶ್ನೆ ಇದು. ಯಾಕೆಂದರೆ ಜಿಂಕೆ ಓಡುತ್ತದೆ, ಹಿಕ್ಕೆ ಓಡುವುದಿಲ್ಲ!

ನೆಲದ ಮೇಲೆ ಅಳತೆ ಮಾಡಿದ ತುಂಡು ಜಾಗ ತೆಗೆದುಕೊಂಡು ಅದರೊಳಗಿನ ಹಿಕ್ಕೆ ರಾಶಿಗಳನ್ನು ಎಣಿಸುತ್ತಾರೆ. ಕೂತು, ಎಲೆ ಸರಿಸಿ, ಮೂಗನ್ನು ನೆಲಕ್ಕೆ ತಂದು ನೋಡಬೇಕು. ಜಿಂಕೆಯದು ಕಡಲೆಕಾಳಿನ ಹಾಗೆ, ಸಾಮಾನ್ಯವಾಗಿ ಒಂದು ತುದಿ ಚೂಪು. ಕಡವೆಯದು ಅದಕ್ಕಿಂತ ದಪ್ಪ, ಉದ್ದ. ಹೊಸದಾದರೆ ಕಪ್ಪಗೆ ಮಿನುಗುತ್ತದೆ, ಬೆರಳಿಗೆ ಅಂಟುತ್ತದೆ. ಹಳೆಯದಾದರೆ ಮುರಿದಾಗ ಒಳಗೆ ಒಣ ಹುಲ್ಲಿನ ಪುಡಿ. ಕಾಡಂಚಿನಲ್ಲಿ ಆಡು ಮೇಯುತ್ತಿದ್ದರೆ ಕಷ್ಟ, ಆಗ ನನ್ನಂಥವನು ಗಾರ್ಡ್ ಮುಖ ನೋಡಬೇಕು.

ರಾಶಿ ಎಣಿಸಿದ ಮೇಲೆ ಇನ್ನೆರಡು ವಿಷಯ ಗೊತ್ತಿರಬೇಕು. ಒಂದು ಜಿಂಕೆ ದಿನಕ್ಕೆ ಎಷ್ಟು ಸಲ ಹಾಕುತ್ತದೆ, ಹಾಕಿದ್ದು ನೆಲದಲ್ಲಿ ಎಷ್ಟು ದಿನ ಉಳಿಯುತ್ತದೆ. ಮುಂಬಯಿ ಮಳೆಗೆ ಅದು ಉಳಿಯುವುದೇ ಇಲ್ಲ. ಒಂದೇ ಜೋರು ಮಳೆಗೆ ಅರ್ಧ ಕೊಚ್ಚಿಹೋಗುತ್ತದೆ, ಉಳಿದದ್ದನ್ನು ಹುಳಗಳು ಮುಗಿಸುತ್ತವೆ. ಬೇಸಿಗೆಯ ಅಂಕಿಯನ್ನೂ ಮಳೆಗಾಲದ ಅಂಕಿಯನ್ನೂ ಹಾಗೇ ಪಕ್ಕಪಕ್ಕ ಇಟ್ಟು ‘ಜಿಂಕೆ ಕಡಿಮೆಯಾದವು’ ಅನ್ನುವವರು ಇದ್ದಾರೆ. ಕಡಿಮೆಯಾದದ್ದು ಹಿಕ್ಕೆ.

ಜಿಂಕೆ ಜಾಸ್ತಿಯಾದರೆ ಒಳ್ಳೇದೇ ತಾನೆ?

ಯಾವಾಗಲೂ ಅಲ್ಲ. ಅಂಡಮಾನಿಗೆ ಬ್ರಿಟಿಷರ ಕಾಲದಲ್ಲಿ ಚುಕ್ಕೆ ಜಿಂಕೆ ತಂದು ಬಿಟ್ಟರು. ಅಲ್ಲಿ ಹುಲಿಯೂ ಇಲ್ಲ, ಚಿರತೆಯೂ ಇಲ್ಲ. ಜಿಂಕೆ ದ್ವೀಪದಿಂದ ದ್ವೀಪಕ್ಕೆ ಈಜಿ ಹರಡಿದವು, ಮೊಳಕೆ ಬಂದ ಗಿಡಗಳನ್ನೆಲ್ಲ ಮೇಯ್ದವು. ಮೇಲೆ ನೋಡಿದರೆ ಕಾಡು ಹಸಿರು, ಕೆಳಗೆ ನೋಡಿದರೆ ಎಳೆ ಗಿಡವೇ ಇಲ್ಲ. ಮುದಿ ಮರಗಳು ಬಿದ್ದ ಮೇಲೆ ಆ ಜಾಗಕ್ಕೆ ಬರುವವರು ಯಾರು?

ಹಾಗಾಗಿ ಕಾಡು ನೋಡಿಕೊಳ್ಳುವವರಿಗೆ ಬರೀ ‘ಎಷ್ಟು’ ಅನ್ನುವ ಅಂಕಿ ಸಾಲದು. ಏರುತ್ತಿದೆಯಾ ಇಳಿಯುತ್ತಿದೆಯಾ, ಯಾವ ಭಾಗದಲ್ಲಿ, ಮರಿಗಳು ಎಷ್ಟು, ಅವು ತಿನ್ನುವ ಗಿಡದ ಗತಿ ಏನು, ಇದೆಲ್ಲ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತಂದು ಹೊಂಡ ತುಂಬಿಸುವುದನ್ನೇ ನೋಡಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಹೊಂಡದ ಸುತ್ತ ಜಿಂಕೆ ಗುಂಪುಗೂಡಿ ಅಲ್ಲಿನ ಹುಲ್ಲು ಬುಡಸಮೇತ ಹೋಗುತ್ತದೆ. ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಹೇಳಬೇಕಾದದ್ದು ಈ ಎಣಿಕೆಯ ಹಾಳೆಗಳು.

ಬಿಸ್ಕೆಟ್ ಹಾಕಬಹುದಾ?

ಬೇಡ. ಬ್ರೆಡ್ ಕೂಡ ಬೇಡ. ಹುಲ್ಲು, ಎಲೆ ಅರಗಿಸುವ ಹೊಟ್ಟೆ ಅದು, ಮೈದಾ ಬಿದ್ದರೆ ಹುಳಿಯಾಗಿ ಕಾಯಿಲೆ ಬೀಳುತ್ತವೆ.

ಬೊರಿವಲಿಯಲ್ಲಿ ಕರಡಿ ಇದೆಯಾ?

ಇಲ್ಲ. ಇಲ್ಲಿ ಚಿರತೆ ಇದೆ, ಕರಡಿ ಇಲ್ಲ. ಮಹಾರಾಷ್ಟ್ರದಲ್ಲಿ ಕರಡಿ ನೋಡಬೇಕಾದರೆ ಮೇಳಘಾಟ್, ತಾಡೋಬಾ ಕಡೆ ಹೋಗಬೇಕು. ದಕ್ಷಿಣಕ್ಕೆ ಹೋದರೆ ಗೋವಾದ ಮೊಲ್ಲೆಂ, ಮಹಾದಾಯಿ ಕಾಡುಗಳಲ್ಲೂ ಇವೆ. ನಮ್ಮ ಕಡೆ ಅಂದರೆ ದರೋಜಿ. ಹಂಪಿಯಿಂದ ಹತ್ತಿರ, ಕರಡಿಗಾಗಿಯೇ 1994ರಲ್ಲಿ ಮಾಡಿದ ಧಾಮ. ಅಲ್ಲಿ ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿಯುತ್ತಾರೆ, ಜನ ಎದುರಿನ ಗೋಪುರದಿಂದ ನೋಡುತ್ತಾರೆ. ಚಿಕ್ಕವನಿದ್ದಾಗ ನನಗೆ ಕರಡಿ ಅಂದರೆ ಊರೂರು ಸುತ್ತುವ ಕರಡಿ ಕುಣಿಸುವವರ ಹಿಂದೆ ಬರುತ್ತಿದ್ದ ಬಡಕಲು ಪ್ರಾಣಿ. ತಾಯತಕ್ಕೆ ಅದರ ಕೂದಲು ಕೊಡುತ್ತಿದ್ದರು. ಬಂಡೆ ಮೇಲೆ ಮೈತುಂಬ ಕೂದಲಿನ ತಾಯಿ ಕರಡಿ, ಅದರ ಬೆನ್ನ ಮೇಲೆ ಎರಡು ಮರಿ ಕೂತು ಬರುವುದನ್ನು ಮೊದಲ ಸಲ ನೋಡಿದಾಗ ಇದು ಅದೇ ಪ್ರಾಣಿನಾ ಅನ್ನಿಸಿತು. ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದು ಕರಡಿ ಜಾತಿಗಳಲ್ಲಿ ನಮ್ಮ ಕರಡಿಯ ವಿಶೇಷ.

ಬೆಲ್ಲದ ಬಂಡೆ ಮೇಲೆ ಕಂಡ ಕರಡಿಗಳನ್ನು ಎಣಿಸಿ ಧಾಮದಲ್ಲಿ ಇಷ್ಟೇ ಕರಡಿ ಅನ್ನುವುದು ಮಾತ್ರ ಮದುವೆ ಊಟದ ಪಂಕ್ತಿ ಎಣಿಸಿ ಊರಿನ ಜನಸಂಖ್ಯೆ ಹೇಳಿದ ಹಾಗೆ.

ಹುಲಿಯನ್ನು ಕ್ಯಾಮೆರಾದಲ್ಲಿ ಎಣಿಸುತ್ತಾರೆ, ಕರಡಿಗೆ ಯಾಕೆ ಆಗುವುದಿಲ್ಲ?

ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಹಾಗೆ, ಒಂದಕ್ಕಿದ್ದದ್ದು ಇನ್ನೊಂದಕ್ಕಿಲ್ಲ. ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕಟ್ಟಿದರೆ ಸಾಕು, ಯಾವ ಹುಲಿ ಎಷ್ಟು ಸಲ ಹೋಯಿತು ಅಂತ ತಿಳಿಯುತ್ತದೆ. 2018ರ ಹುಲಿ ಅಂದಾಜಿನಲ್ಲಿ ದೇಶದಾದ್ಯಂತ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು 3.48 ಕೋಟಿ ಫೋಟೋ ತೆಗೆದರು. ಅದು ಗಿನ್ನೆಸ್ ದಾಖಲೆಗೂ ಸೇರಿತು. ಆ ರಾಶಿಯಲ್ಲಿ ಹುಲಿಗಿಂತ ಬೇರೆಯವೇ ಜಾಸ್ತಿ. ನಾನು ಕಾರ್ಡ್ ಖಾಲಿ ಮಾಡಿಕೊಡಲು ಕೂತಿದ್ದ ಒಂದು ಕ್ಯಾಮೆರಾದಲ್ಲಿ ಬಿಸಿಗಾಳಿಗೆ ಅಲ್ಲಾಡಿದ ಒಂದೇ ಹುಲ್ಲಿನ ಕಂತೆ, ಸಾವಿರಾರು ಫೋಟೋ. ಅದೂ ಒಳ್ಳೇ ಭಂಗಿಯಲ್ಲಿ.

ಕರಡಿಗೆ ಬಂದರೆ ಮೈಯೆಲ್ಲ ಕಪ್ಪು. ಪಕ್ಕದಿಂದ ತೆಗೆದ ಎರಡು ಕರಡಿ ಫೋಟೋ ಇಟ್ಟರೆ ಅವುಗಳ ತಾಯಿಗೂ ಗುರುತು ಸಿಗಲಿಕ್ಕಿಲ್ಲ. ಎದೆ ಮೇಲೆ ಬಿಳಿ ವಿ ಆಕಾರದ ಗುರುತು ಇದೆ ನಿಜ, ಆದರೆ ಅದು ಕಾಣಬೇಕಾದರೆ ಕರಡಿ ಎದ್ದು ನಿಲ್ಲಬೇಕು.

ಹಾಗಾಗಿ ಬೇರೆ ದಾರಿ ಹಿಡಿಯುತ್ತಾರೆ. ಕೆದಕಿದ ಹುತ್ತ, ಮರದ ಮೇಲೆ ಉಗುರಿನ ಗೀರು, ಮಲ. ಕಾಡನ್ನು ಚೌಕಗಳಾಗಿ ಭಾಗ ಮಾಡಿ ಪ್ರತಿ ಚೌಕಕ್ಕೂ ಹಲವು ಸಲ ಹೋಗಿ ಗುರುತು ಸಿಕ್ಕಿತಾ ಇಲ್ಲವಾ ಅಂತ ಬರೆಯುತ್ತಾರೆ. ಮೊದಲ ಸಲ ಸಿಗದೆ ಮೂರನೇ ಸಲ ಸಿಕ್ಕರೆ, ನಮ್ಮ ಕಣ್ಣು ಎಷ್ಟು ಸಲ ಮೋಸ ಹೋಗುತ್ತದೆ ಅನ್ನುವ ಲೆಕ್ಕವೂ ಅದರಲ್ಲೇ ಸಿಗುತ್ತದೆ. ಮತ್ತೆ ದಾದರ್ ಬ್ರಿಜ್ಜೇ! ಹೊಸ ಮಲ ಸಿಕ್ಕರೆ ಅದರ ಮೇಲ್ಪದರದಲ್ಲಿ ಕರುಳಿನ ಜೀವಕೋಶ ಇರುತ್ತವೆ. ಅದರಿಂದ ಡಿಎನ್‌ಎ ತೆಗೆದು ಯಾವ ಕರಡಿ, ಗಂಡೋ ಹೆಣ್ಣೋ ಹೇಳಬಹುದು. ಬಿಸಿಲಿಗೆ ಬಿದ್ದು ಹಳೆಯದಾದರೆ ಅದೂ ಕೆಟ್ಟುಹೋಗುತ್ತದೆ.

ಮಲವನ್ನು ಜರಡಿಯಲ್ಲಿ ತೊಳೆದರೆ ಕರಡಿಯ ಪೂರ್ತಿ ಊಟದ ಪಟ್ಟಿ. ಗೆದ್ದಲಿನ ತಲೆಗಳು, ಇರುವೆಯ ಚೂರು, ಬೋರೆ ಬೀಜ, ಕಕ್ಕೆ ಬೀಜ, ನೇರಳೆ. ನಮ್ಮ ಕರಡಿಗೆ ಮೇಲಿನ ನಡು ಹಲ್ಲು ಎರಡಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರೆಂದು ಹೀರುತ್ತದೆ, ಮೂಗಿನ ಹೊಳ್ಳೆ ಮುಚ್ಚಿಕೊಂಡು. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಜರಡಿಯಲ್ಲಿ ಶೇಂಗಾ, ಮೆಕ್ಕೆಜೋಳ ಜಾಸ್ತಿ ಬರತೊಡಗಿದರೆ ಕರಡಿ ಹೊಲಕ್ಕೆ ಇಳಿದಿದೆ ಅಂತ ಅರ್ಥ. ಆಗ ಗುಡ್ಡದ ಮೇಲೆ ಏನು ಹೋಯಿತು ಅಂತ ಕೇಳಬೇಕು. ಕಾರೆ, ಬೋರೆ ಪೊದೆಗಳನ್ನು ಕಡಿದರಾ? ಕಲ್ಲು ಕ್ವಾರಿ ಬಂದು ಗವಿ ಹೋಯಿತಾ? ಬೋನು ತರುವ ಮೊದಲು ಇದಕ್ಕೆ ಉತ್ತರ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಕರಡಿ ಎದುರಾದರೆ ಸತ್ತಂತೆ ಬಿದ್ದರೆ ಸಾಕಲ್ಲ?

ಸ್ಕೂಲಿನ ಕಥೆ ನಂಬಿ ಕೂರಬೇಡಿ. ಕರಡಿ ತಾನಾಗಿ ಹುಡುಕಿಕೊಂಡು ಬರುವುದು ಅಪರೂಪ. ಹುತ್ತ ಕೆದಕುತ್ತಾ ಮೈಮರೆತಿರುತ್ತದೆ, ನಾವು ಸದ್ದಿಲ್ಲದೆ ಹತ್ತಿರ ಹೋಗಿಬಿಡುತ್ತೇವೆ, ಅದು ಬೆಚ್ಚಿ ಮೈಮೇಲೆ ಬೀಳುತ್ತದೆ. ಆದ್ದರಿಂದ ಕರಡಿ ಇರುವ ಕಡೆ ಗುಂಪಾಗಿ, ಮಾತಾಡುತ್ತಾ ನಡೆಯಿರಿ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಪೊದೆ ನುಗ್ಗಬೇಡಿ. ದೂರದಲ್ಲಿ ಕಂಡರೆ ಓಡದೆ ನಿಧಾನಕ್ಕೆ ಹಿಂದೆ ಸರಿಯಿರಿ. ಮೈಮೇಲೇ ಬಿದ್ದರೆ ಬೋರಲು ಮಲಗಿ ಎರಡೂ ಕೈಯಿಂದ ಕತ್ತು, ತಲೆ ಮುಚ್ಚಿಕೊಳ್ಳಬೇಕು. ಅದು ಮುಖಕ್ಕೇ ಹಾಕುತ್ತದೆ.

ಹಕ್ಕಿಗಳನ್ನು ಎಣಿಸುವುದು ಹೇಗೆ? ಅವು ಒಂದು ಕಡೆ ನಿಲ್ಲುವುದೇ ಇಲ್ಲ.

ಅವು ನಿಲ್ಲುವುದಿಲ್ಲ ಅಂತ ನಾವು ನಿಲ್ಲುತ್ತೇವೆ. ಒಂದು ಜಾಗದಲ್ಲಿ ಐದೋ ಹತ್ತೋ ನಿಮಿಷ ನಿಂತು ಕಂಡದ್ದು, ಕೇಳಿದ್ದು ಎಲ್ಲ ಬರೆಯುವುದು. ಕಾಡುಹಕ್ಕಿಗಳಲ್ಲಿ ಮುಕ್ಕಾಲು ಕೆಲಸ ಕಿವಿಯದು. ಬೊರಿವಲಿ ಉದ್ಯಾನದ ಶಿಲೋಂಡಾ ದಾರಿಯಲ್ಲಿ ಕುಟ್ರುಹಕ್ಕಿ ಒಂದೇ ಸಮ ಕುಟುರ್ ಕುಟುರ್ ಅನ್ನುತ್ತದೆ, ಎಲೆ ಮಧ್ಯೆ ಹಸಿರು ಹಕ್ಕಿ ಕಾಣುವುದಿಲ್ಲ. ಕಾಜಾಣ ಬೇರೆ ಹಕ್ಕಿಗಳ ದನಿ ಕದ್ದು ಕೂಗಿ ಹೊಸಬರ ಪಟ್ಟಿಯನ್ನೇ ಕೆಡಿಸುತ್ತದೆ. ಮಳೆ ಹಿಡಿಯುವ ಹೊತ್ತಿಗೆ ನವರಂಗ ಬರುತ್ತದೆ. ದನಿ ಕೇಳಿ ತಿಂಗಳಾದರೂ ಕಣ್ಣಿಗೆ ಬಿದ್ದಿರುವುದಿಲ್ಲ. ಪನ್ವೇಲ್ ಹತ್ತಿರದ ಕರ್ನಾಳಾಕ್ಕೆ ಅದೇ ಹೊತ್ತಿಗೆ ಬೆರಳುದ್ದದ ಬಣ್ಣದ ಮಿಂಚುಳ್ಳಿ ಮರಿ ಮಾಡಲು ಬರುತ್ತದೆ.

ಹಕ್ಕಿ ವಿಷಯದಲ್ಲಿ ನಮ್ಮಂಥವರ ಪಟ್ಟಿಗೂ ಬೆಲೆ ಇದೆ. 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ನೋಡಿತ್ತು. ಅದಕ್ಕೆ ಆಧಾರ 30,000ಕ್ಕೂ ಹೆಚ್ಚು ಹವ್ಯಾಸಿಗಳು ಇ-ಬರ್ಡ್ ಅನ್ನುವ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಿದ ಸುಮಾರು 3 ಕೋಟಿ ದಾಖಲೆಗಳು. ಕಾಗೆ, ಗುಬ್ಬಿಯನ್ನೂ ಬರೆಯಿರಿ. ‘ಮಾಮೂಲಿ ಹಕ್ಕಿ, ಯಾಕೆ ಬರೆಯೋದು’ ಅಂತ ಬಿಟ್ಟರೆ ಅದು ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ.

ಕಾಲಿಗೆ ಉಂಗುರ ಹಾಕಿದರೆ ಹಕ್ಕಿಗೆ ನೋವಾಗುವುದಿಲ್ಲವಾ?

ಸರಿಯಾದ ಅಳತೆಯದು ಹಾಕಿದರೆ ಇಲ್ಲ. ತೆಳು ಬಲೆಯಲ್ಲಿ ಹಿಡಿದು, ತೂಗಿ, ಹಗುರ ಲೋಹದ ಉಂಗುರ ತೊಡಿಸಿ ಬಿಡುತ್ತಾರೆ. ಕಲಿತವರ ಕೈಯ ಕೆಲಸ. ಸತ್ತ ಹಕ್ಕಿಯ ಕಾಲಲ್ಲಿ ಉಂಗುರ ಸಿಕ್ಕರೆ ನಂಬರ್ ಬರೆದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. 1883ರಲ್ಲಿ ಹುಟ್ಟಿದ ಸಂಸ್ಥೆ, ಕೋಟೆ ಪ್ರದೇಶದಲ್ಲಿ ಹಾರ್ನ್‌ಬಿಲ್ ಹೌಸ್ ಅಂತ ಕಟ್ಟಡ. ಸಲೀಂ ಅಲಿ ಹುಡುಗನಾಗಿದ್ದಾಗ ತಾನು ಹೊಡೆದ ಗುಬ್ಬಚ್ಚಿಯ ಕತ್ತು ಹಳದಿ ಯಾಕೆ ಅಂತ ಕೇಳಲು ಹೋದದ್ದು ಈ ಸಂಸ್ಥೆಗೇ.

ಯಾರಾದರೂ ಸುಳ್ಳು ಲೆಕ್ಕ ಬರೆದರೆ ಏನಾಗುತ್ತದೆ?

ಒಂದು ಗೂಬೆಯ ಕಥೆ ಹೇಳುತ್ತೇನೆ. ಮಧ್ಯ ಭಾರತದ ಕಾಡಿನ ಸಣ್ಣ ಗೂಬೆ, ಫಾರೆಸ್ಟ್ ಔಲೆಟ್. 1884ರ ನಂತರ ಯಾರೂ ಖಚಿತವಾಗಿ ಕಂಡಿರಲಿಲ್ಲ. ಆದರೆ ಮೈನರ್ಟ್‌ಝಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1914ರಲ್ಲಿ ಗುಜರಾತಿನಲ್ಲಿ ಹಿಡಿದೆ ಅಂತ ಒಂದು ಮಾದರಿ ತೋರಿಸಿದ್ದ. ಆಮೇಲೆ ಹುಡುಕಿದವರು ಆ ಜಾಗವನ್ನೂ ನಂಬಿದರು, ಏನೂ ಸಿಗಲಿಲ್ಲ. ಅಮೆರಿಕದ ಹಕ್ಕಿ ವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಮಾದರಿಯನ್ನು ಪರೀಕ್ಷಿಸಿ ನೋಡಿದರೆ ಅದು ಮ್ಯೂಸಿಯಮ್ಮಿನಿಂದ ಕದ್ದು, ಹೊಸದಾಗಿ ಹೊಲಿದು, ಚೀಟಿ ಬದಲಾಯಿಸಿದ ಹಳೇ ಹಕ್ಕಿ. ಸುಳ್ಳು ಚೀಟಿ ಬದಿಗಿಟ್ಟು ಹಳೆಯ ನಿಜವಾದ ಜಾಗಗಳಿಗೆ ಹೋದರು. 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಸಿಕ್ಕಿತು, 113 ವರ್ಷದ ಮೇಲೆ. ಅದೂ ಹಗಲಲ್ಲೇ ಓಡಾಡುವ ಗೂಬೆ.

2014ರಲ್ಲಿ ಅದೇ ಗೂಬೆ ಠಾಣೆ ಜಿಲ್ಲೆಯ ತಾನಸಾ ಅಭಯಾರಣ್ಯದಲ್ಲಿ ಕಂಡಿತು. ನಮ್ಮ ನಲ್ಲಿಗೆ ನೀರು ಬರುವ ತಾನಸಾ ಕೆರೆಯ ಸುತ್ತಲಿನ ಕಾಡು ಅದು. ಇಷ್ಟು ಹತ್ತಿರ ಇದ್ದರೂ ಗೊತ್ತಿರಲಿಲ್ಲ.

ನಾನೂ ಕ್ಯಾಮೆರಾ ತಂದು ಮರಕ್ಕೆ ಕಟ್ಟಬಹುದಾ?

ಅನುಮತಿ ಇಲ್ಲದೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಸಂಶೋಧನೆಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಕರಡಿಯಂಥ ಒಂದನೇ ಶೆಡ್ಯೂಲಿನ (ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಪಟ್ಟಿ) ಪ್ರಾಣಿಯನ್ನು ಹಿಡಿದು ಕತ್ತಿಗೆ ರೇಡಿಯೋ ಕಾಲರ್ ಹಾಕಬೇಕಾದರೆ ಕೇಂದ್ರ ಸರ್ಕಾರದ ತನಕ ಕಡತ ಹೋಗುತ್ತದೆ. ಸ್ವಯಂಸೇವಕರಾಗಿ ಸೇರುವುದು ಸುಲಭದ ದಾರಿ.

ಮಗಳಿಗೆ ಇದನ್ನೇ ಓದಬೇಕಂತೆ, ಎಲ್ಲಿ?

ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಎರಡರಲ್ಲೂ ಸ್ನಾತಕೋತ್ತರ ಕೋರ್ಸ್ ಇದೆ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಲೆಕ್ಕ ಬಿಡಬೇಡ ಅಂತ ಹೇಳಿ. ಪ್ರಾಣಿ ಪ್ರೀತಿ ಎಲ್ಲರಿಗೂ ಇರುತ್ತದೆ, ಸ್ಟಾಟಿಸ್ಟಿಕ್ಸ್ ಕಂಡರೆ ಅರ್ಧ ಜನ ಓಡುತ್ತಾರೆ.

ಮುಂದಿನ ಭಾನುವಾರಕ್ಕೆ ಏನು ತರಬೇಕು?

ನೀರು, ಟೋಪಿ, ಪೆನ್ಸಿಲ್. ಪೆನ್ ಬೇಡ, ಬೆವರಿಗೆ ಶಾಯಿ ಹರಡುತ್ತದೆ. ಬಿಳಿ ಅಂಗಿ ಬೇಡ, ಸೆಂಟ್ ಬೇಡ. ಬೈನಾಕ್ಯುಲರ್ ಇದ್ದರೆ ತನ್ನಿ, ಇಲ್ಲದಿದ್ದರೆ ನನ್ನದರಲ್ಲಿ ಸರದಿ ಮೇಲೆ ನೋಡಿ. ಸೋಮವಾರ ಉದ್ಯಾನ ರಜೆ, ದಿನ ತಪ್ಪಿ ಬರಬೇಡಿ. ಶೆಟ್ಟರು ಇಡ್ಲಿ ತರುತ್ತಾರೆ. ಅದನ್ನು ಗೇಟಿನ ಹೊರಗೆ, ಕೋತಿಗಳಿಗೆ ಬೆನ್ನು ಹಾಕದೆ ತಿನ್ನಬೇಕು.